ಕೈ ಬಿಟ್ಟರೆ ನಿಲ್ಲುವ ಹಾಡು

ಹೊಳೆ ದಂಡೆಯ ಆಶ್ರಮ. ಅಲ್ಲಿ ಜಪತಪದ ಜೊತೆಗೆ ಇನ್ನೊಂದು ಕೆಲಸವೂ ನಡೆಯುತ್ತಿತ್ತು. ವಿಂಡೋಸ್ ಬದಲು ಲಿನಕ್ಸ್ ಹಾಕಿದ ಕಂಪ್ಯೂಟರ್ ಇಟ್ಟುಕೊಂಡವರಿಗೆಂದು ಗುರುಗಳು ಒಂದು ಆ್ಯಪ್ ಕಟ್ಟಿದ್ದರು. ನೆಟ್‌ನಿಂದ ಹಾಡು ತಂದು ಕೇಳಿಸುವುದಷ್ಟೇ ಅದರ ಕೆಲಸ.

ಈಗ ಅದನ್ನು ತಿದ್ದಿ ತೀಡುವ ಹೊಣೆ ಶಿಷ್ಯ ಪ್ರಣೀತನದು. ಬುದ್ಧಿವಂತನೇ, ಇಲ್ಲವೆನ್ನಲಾಗದು. ಆ ಸಂಗತಿ ಅವನಿಗೂ ತುಸು ಜಾಸ್ತಿಯೇ ಗೊತ್ತಿತ್ತು.

ಒಂದು ಮಧ್ಯಾಹ್ನ ಮಂದಾಕಿನಿ ಟೀಚರ್ ಲ್ಯಾಪ್‌ಟಾಪ್ ಅವಚಿಕೊಂಡು ಬಂದರು. ಆಚೆ ದಡದ ಊರಲ್ಲಿ ಭರತನಾಟ್ಯ ಹೇಳಿಕೊಡುವವರು. ಸಿಟ್ಟಿನಿಂದ ಮುಖ ಕೆಂಪಗಾಗಿತ್ತು.

"ಹೋದ ಸಲ ಕಾರ್ಯಕ್ರಮದ ನಟ್ಟನಡುವೆ ನಿಮ್ಮ ಹಾಡು ನಿಂತುಹೋಯ್ತು ಸ್ವಾಮೀ! ನನ್ನ ಹುಡುಗಿ ಒಂಟಿಕಾಲಲ್ಲಿ ನಿಂತಿದ್ದಳು, ಜನ ಗೊಳ್ಳೆಂದರು. ಆಮೇಲೆ ಅವಳು ಗೆಜ್ಜೆ ಮುಟ್ಟಲಿಲ್ಲ. ಕೈಕಾಲು ಹಿಡಿದು ಒಪ್ಪಿಸಿ ಇವತ್ತು ಸಂಜೆ ಮತ್ತೆ ವೇದಿಕೆ ಹತ್ತಿಸ್ತಾ ಇದ್ದೀನಿ. ಇನ್ನೊಮ್ಮೆ ನಿಂತರೆ ಅವಳು ಕುಣಿಯೋದೇ ಇಲ್ಲ."

ಪ್ರಣೀತ ನಕ್ಕ. "ನನ್ನ ಕಂಪ್ಯೂಟರಿನಲ್ಲಿ ಒಮ್ಮೆಯೂ ನಿಂತಿಲ್ಲ ಮೇಡಂ. ನಿಮ್ಮ ನೆಟ್ಟೇ ಕೆಟ್ಟಿರಬೇಕು. ಹೊಸ ಆ್ಯಪ್ ಹಾಕಿಕೊಡ್ತೀನಿ, ಧೈರ್ಯವಾಗಿ ಹೋಗಿ."

"ಹಾಡು ಪೂರ್ತಿ ಕೇಳಿದ್ದೀಯಾ?" ಎಂದರು ಗುರುಗಳು.

"ಶುರುವಾಗುತ್ತೆ. ಮುಂದಕ್ಕೆ ಎಳೆದರೆ ಅಲ್ಲಿಂದ ಬರುತ್ತೆ. ಕೊನೆಗೆ ಎಳೆದರೆ ಮುಗಿಯುತ್ತೆ. ಇನ್ನೇನು ಕೇಳೋದು ಗುರುಗಳೇ?"

"ಹೊಸದನ್ನ ಇವರ ಲ್ಯಾಪ್‌ಟಾಪಿಗೆ ಹಾಕಿ, ಹಾಡು ಹಚ್ಚು."

ಅರ್ಧ ಗಂಟೆಯ ಹಾಡು. ಹೊತ್ತು ಇಳಿಯುತ್ತಿತ್ತು, ದೋಣಿಯವನು ಆಗಲೇ ಕೂಗುತ್ತಿದ್ದ. ಪ್ರಣೀತನ ಕೈ ತಾನಾಗಿ ಮೌಸಿನತ್ತ ಹೋಯಿತು. ಗುರುಗಳು ಮುಂಗೈ ಹಿಡಿದರು.

"ಕೈ ತೆಗಿ."

"ಸುಮ್ಮನೆ ಹಾಗೇ..."

"ಅವಳು ಕುಣಿಯುವಾಗ ಇದನ್ನ ಯಾರು ಮುಟ್ಟುತ್ತಾರೆ?"

ಪ್ರಣೀತ ಕೈ ಹಿಂತೆಗೆದ. ಸ್ವಲ್ಪ ಹೊತ್ತಿಗೆ ಪರದೆ ಮಂಕಾಯಿತು, ಆಮೇಲೆ ಕಪ್ಪಾಯಿತು. ಹಾಡು ನಿಂತಿತು.

"ಅಯ್ಯೋ, ಇದೇ! ಹೀಗೇ ಆಗಿದ್ದು!" ಮಂದಾಕಿನಿ ಕೂಗಿಕೊಂಡರು.

ಪ್ರಣೀತನ ಮುಖ ಬಿಳಿಚಿತು. ಯಾರೂ ಮುಟ್ಟದಿದ್ದರೆ ಯಂತ್ರ ನಿದ್ದೆ ಹೋಗುತ್ತದೆ. ಹಾಡು ನಡೀತಿದೆ, ಎಚ್ಚರವಾಗಿರು ಎಂದು ಆ್ಯಪ್ ಅದಕ್ಕೆ ಹೇಳಿರಲೇ ಇಲ್ಲ. ಇವನ ಕೈಯೋ ಸದಾ ಕೀಲಿಮಣೆಯ ಮೇಲೆ. ಇವನ ಯಂತ್ರಕ್ಕೆ ನಿದ್ದೆ ಬರುವುದಾದರೂ ಯಾವಾಗ?

"ಸದ್ಯಕ್ಕೆ ನಿಮ್ಮ ಲ್ಯಾಪ್‌ಟಾಪಿನ ಸೆಟ್ಟಿಂಗ್ ಬದಲಾಯಿಸಿಬಿಡ್ತೀನಿ ಮೇಡಂ."

"ಇವರು ಇಲ್ಲಿ ತನಕ ಬಂದರು," ಎಂದರು ಗುರುಗಳು. "ಬರಲಾಗದವರಿಗೆ?"

ಪ್ರಣೀತ ತಲೆ ತಗ್ಗಿಸಿ ಆ್ಯಪನ್ನೇ ತಿದ್ದಲು ಕೂತ. ಒಮ್ಮೆ ತಪ್ಪಾಯಿತು, ಅಳಿಸಿದ. ಮತ್ತೆ ಬರೆದ. ಕೊನೆಗೆ ತಿದ್ದಿದ ಆ್ಯಪ್ ಹಾಕಿ, ಲ್ಯಾಪ್‌ಟಾಪ್ ಮುಚ್ಚಿ ಟೀಚರ್ ಕೈಗೆ ಕೊಡಹೋದ.

"ಪೂರ್ತಿ ಕೇಳದೆ ಕೊಡಬೇಡ."

"ಗುರುಗಳೇ, ದೋಣಿ ಹೊರಟುಹೋಗುತ್ತೆ!" ಮಂದಾಕಿನಿ ಅಳುವುದೊಂದು ಬಾಕಿ.

ಗುರುಗಳು ಎದ್ದರು. ಸರಸರ ದಡಕ್ಕಿಳಿದು, ದೋಣಿ ಹತ್ತಿ, ಕಣ್ಣು ಮುಚ್ಚಿ ಕೂತುಬಿಟ್ಟರು. ದೋಣಿಯವನು ಏನು ಮಾಡಿಯಾನು, ಪಾಪ! ಹುಟ್ಟು ಕೆಳಗಿಟ್ಟು ಬೀಡಿ ಹಚ್ಚಿದ.

ಇತ್ತ ಪ್ರಣೀತ ಹಾಡು ಮತ್ತೆ ಹಚ್ಚಿ, ಎರಡೂ ಕೈ ಕಂಕುಳಲ್ಲಿ ಅದುಮಿಕೊಂಡು ಕೂತ. ಪರದೆ ಮಂಕಾಯಿತು. ಕೈ ಇನ್ನೂ ಬಿಗಿಯಾಗಿ ಅದುಮಿಕೊಂಡ. ಪರದೆ ಕಪ್ಪಾಯಿತು. ಹಾಡು ನಿಲ್ಲಲಿಲ್ಲ. ಮೃದಂಗದ ಕೊನೆಯ ಪೆಟ್ಟಿನವರೆಗೂ ನಿಲ್ಲಲಿಲ್ಲ.

ಇಬ್ಬರೂ ದಡಕ್ಕೆ ಓಡಿದರು.

"ಗುರುಗಳೇ, ನಾನೂ ಹೋಗ್ತೀನಿ," ಪ್ರಣೀತ ಏದುಸಿರು ಬಿಡುತ್ತಿದ್ದ. "ಲ್ಯಾಪ್‌ಟಾಪ್ ಪಕ್ಕದಲ್ಲೇ ಕೂತಿರ್ತೀನಿ. ಅಕಸ್ಮಾತ್ ಏನಾದರೂ ಆದರೆ..."

ಗುರುಗಳು ದೋಣಿಯಿಂದ ಇಳಿದು ಅವನಿಗೆ ಜಾಗ ಬಿಟ್ಟರು.

"ಹೋಗು. ಅದರ ಪಕ್ಕ ಬೇಡ. ಜನರ ನಡುವೆ ಕೂತು, ಆ ಹುಡುಗಿ ಕುಣಿಯೋದನ್ನ ನೋಡಿ ಬಾ."