ಕೆರೆಯದೆ ಬಿಟ್ಟ ರವೆ

ಕಪಿಲೆಯ ದಂಡೆಯಲ್ಲಿ ತಿರುಮಲಯ್ಯನವರ ಗುರುಕುಲವಿತ್ತು. ಗುರುಕುಲ ಎಂದರೆ ಒಂದು ಹಜಾರ, ಒಂದು ಅಡುಗೆಮನೆ, ಗೋಡೆಯ ಉದ್ದಕ್ಕೂ ಮಲಗಿಸಿಟ್ಟ ಮೃದಂಗಗಳು. ಅಷ್ಟೇ.

ಮುರಾರಿ ಅಲ್ಲಿನ ಹಿರಿಯ ಶಿಷ್ಯ. ಕೈ ಚುರುಕು, ಆಸೆ ಅದಕ್ಕಿಂತ ಚುರುಕು. ಪೇಟೆಯ ಮಕ್ಕಳಿಗೆ ಪಾಠ ಹೇಳಿ ನಾಲ್ಕು ಕಾಸು ಸಂಪಾದಿಸುತ್ತಿದ್ದ.

ಬರುವ ಶನಿವಾರ ಅವನ ಮೊದಲ ದೊಡ್ಡ ಕಛೇರಿ. ಹೆಸರಾಂತ ಗಾಯಕಿಯೊಬ್ಬರ ಪಕ್ಕದಲ್ಲಿ ಕೂರುವ ಅವಕಾಶ. ಕೈತಪ್ಪಿದರೆ ಮತ್ತೆ ಯಾವ ಕಾಲಕ್ಕೋ.

ವೇದಿಕೆಗೆ ಸ್ವಂತ ಮೃದಂಗವನ್ನೇ ಹೊತ್ತು ಹೋಗಬೇಕು, ಇನ್ನೊಬ್ಬರದನ್ನು ಮುಟ್ಟುವಂತಿಲ್ಲ ಎಂಬುದು ಗುರುಕುಲದ ಕಟ್ಟುನಿಟ್ಟು. ಮುರಾರಿಗೆ ತನ್ನ ಹಳೆಯ ಮೃದಂಗ ಹೊತ್ತು ಹೋಗಲು ನಾಚಿಕೆ. ಅಂಗಡಿಯಲ್ಲಿ ಹೊಸದೊಂದನ್ನು ನೋಡಿ ಬಂದಿದ್ದ. ಬೆಲೆ ಕೇಳಿ ತಲೆ ತಿರುಗಿತ್ತು.

ಆದರೆ ಜೇಬಿನಲ್ಲಿ ಕ್ರೆಡಿಟ್ ಕಾರ್ಡ್ ಇತ್ತು. ಈಗ ಉಜ್ಜಿ, ಆಮೇಲೆ ನಿಧಾನವಾಗಿ ಕಟ್ಟಿದರಾಯಿತು ಎಂದು ಬ್ಯಾಂಕಿನವನೊಬ್ಬ ಮಾಡಿಸಿಕೊಟ್ಟಿದ್ದ. ಅದರಲ್ಲಿ ಮುರಾರಿ ಆಗಲೇ ಒಂದು ಫೋನು, ರೇಷ್ಮೆ ಜುಬ್ಬ ಕೊಂಡಿದ್ದ. ಪ್ರತಿ ತಿಂಗಳೂ ಒಂದಿಷ್ಟು ಕಟ್ಟಿ ಉಳಿದದ್ದನ್ನು ಮುಂದಕ್ಕೆ ತಳ್ಳುತ್ತಿದ್ದ. ಬಡ್ಡಿ ಬೆಳೆಯುತ್ತಿತ್ತು, ಅವನು ಆ ಕಡೆ ನೋಡುತ್ತಿರಲಿಲ್ಲ.

ಸೋಮವಾರ ಗುರುಗಳ ಮುಂದೆ ಕೂತು ಎಲ್ಲವನ್ನೂ ಒಪ್ಪಿಸಿದ.

"ಕೈಯಲ್ಲಿ ದುಡ್ಡಿಲ್ಲ, ಗುರುಗಳೇ. ಕಾರ್ಡಿದೆ. ತಗೊಳ್ಳಲಾ?"

"ನಿನ್ನ ಮೃದಂಗ ತಗೊಂಡು ಬಾ," ಎಂದರು ತಿರುಮಲಯ್ಯ. "ರವೆ ಹಚ್ಚು."

ಮೃದಂಗದ ಎಡಗಡೆಯ ಚರ್ಮ ತನ್ನಷ್ಟಕ್ಕೆ ಗಂಭೀರವಾಗಿ ನುಡಿಯುವುದಿಲ್ಲ. ನೀರಲ್ಲಿ ಕಲಸಿದ ರವೆಯ ಮುದ್ದೆಯನ್ನು ಅದಕ್ಕೆ ಹಚ್ಚಿದರೆ ನಾದಕ್ಕೆ ತೂಕ ಬರುತ್ತದೆ. ಬಾರಿಸಿ ಮುಗಿದ ಮೇಲೆ ಅದನ್ನು ಕೆರೆದು ಒರೆಸಿಯೇ ಏಳಬೇಕು. ಅಲ್ಲಿನ ಮಕ್ಕಳಿಗೆ ಮೊದಲ ಪಾಠವೇ ಇದು, ತಕಿಟ ಆಮೇಲೆ.

ಮುರಾರಿ ಹಚ್ಚಿದ, ಬಾರಿಸಿದ. ಹಜಾರ ನಾದದಿಂದ ತುಂಬಿಕೊಂಡಿತು. ಮುಗಿಸಿ ಕೆರೆಯಲು ಉಗುರು ಹಾಕಿದಾಗ ಗುರುಗಳು ತಡೆದರು.

"ಬಿಡು, ಇರಲಿ. ನಾಳೆ ಕೆಲಸ ಕಮ್ಮಿಯಾಗುತ್ತೆ."

ಅವನಿಗೆ ಅಚ್ಚರಿಯಾಯಿತು. ಒಳಗೊಳಗೇ ಖುಷಿಯೂ ಆಯಿತು, ಸುಳ್ಳೇಕೆ. ದಿನವೂ ಕೆರೆದು ಒರೆಸುವುದು ಯಾರಿಗೆ ಬೇಕಿದೆ?

ಮರುದಿನ ರವೆ ಒಣಗಿ ಬಿರುಕು ಬಿಟ್ಟಿತ್ತು. ಬಾರಿಸಿದರೆ ಹಲಗೆ ಬಡಿದ ಸದ್ದು. ಅದರ ಮೇಲೇ ಇನ್ನಷ್ಟು ಹಚ್ಚು ಎಂದರು ಗುರುಗಳು. ಹಚ್ಚಿದ. ನಾದ ಬಂತು, ನಿನ್ನೆಯಷ್ಟಲ್ಲ.

ಬುಧವಾರ ಇನ್ನೂ ಹೆಚ್ಚು ಹಚ್ಚಬೇಕಾಯಿತು. ಹುಳಿ ವಾಸನೆ ಹೊಡೆಯತೊಡಗಿತು. ಮುರಾರಿ ಗುರುಗಳ ಮುಖ ನೋಡಿದ. ಅವರು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ದೊಡ್ಡವರು ಹೇಳಿದ ಮೇಲೆ ಏನೋ ಕಾರಣ ಇದ್ದೇ ಇರುತ್ತದೆ ಎಂದು ಸಮಾಧಾನ ಮಾಡಿಕೊಂಡು ಎದ್ದುಹೋದ.

ಗುರುವಾರ ಬೆಳಿಗ್ಗೆ ನೋಡಿದರೆ ರವೆಯ ಅಂಚನ್ನು ಜಿರಲೆ ಕೊರೆದಿತ್ತು. ಅವನಿಗೆ ತಡೆಯಲಾಗಲಿಲ್ಲ. ಕೆರೆಯಲು ಕೂತ. ಉಗುರಿಗೆ ಬಗ್ಗಲಿಲ್ಲ. ನೀರು ಚಿಮುಕಿಸಿದ, ಚಮಚದಲ್ಲಿ ಮೀಟಿದ. ಹೆಂಟೆ ಎದ್ದು ಬಂತು, ಅದರ ಜೊತೆ ಚರ್ಮವೂ ಬಂತು.

ಬಾಲ್ಯದಿಂದ ಬಾರಿಸಿದ ಮೃದಂಗ. ಇಷ್ಟು ದಿನ ನಾಚಿಕೆಪಟ್ಟದ್ದನ್ನೇ ತೊಡೆಯ ಮೇಲಿಟ್ಟುಕೊಂಡು ಮುರಾರಿ ಅತ್ತುಬಿಟ್ಟ.

ರಿಪೇರಿಯವನ ಹತ್ತಿರ ಓಡಿದ. ಹೊಸ ಚರ್ಮ ಕಟ್ಟಿ, ಹದ ಮಾಡಿ ಕೊಡಲು ಮುಂದಿನ ವಾರವಾಗುತ್ತದೆ ಎಂದ ಅವನು. ಇನ್ನು ಉಳಿದದ್ದು ಎರಡೇ ದಾರಿ. ಕಛೇರಿ ಬಿಡಬೇಕು, ಇಲ್ಲವೇ ಕಾರ್ಡ್ ಉಜ್ಜಬೇಕು.

ಹರಿದ ಮೃದಂಗವನ್ನು ತಂದು ಗುರುಗಳ ಮುಂದಿಟ್ಟ.

"ರವೆ ಹಚ್ಚೋದೇ ತಪ್ಪಾ, ಗುರುಗಳೇ?"

"ತಪ್ಪೇನಿಲ್ಲ. ನಾನೂ ದಿನಾ ಹಚ್ತೀನಿ. ಏಳೋಕೆ ಮುಂಚೆ ಕೆರೀತೀನಿ."

"ಅದನ್ನ ಮೊದಲನೇ ದಿನಾನೇ ಹೇಳಬಹುದಿತ್ತಲ್ಲ?"

"ನೀನು ಇಲ್ಲಿಗೆ ಬಂದ ಮೊದಲನೇ ದಿನಾನೇ ಹೇಳಿದ್ದೆ."

ಮುರಾರಿಗೆ ಸಿಟ್ಟು ನೆತ್ತಿಗೇರಿತು. ಗುರುಗಳೆದುರು ಎಂದೂ ಎತ್ತದ ದನಿ ಅಂದು ಎದ್ದಿತು.

"ಬಿಡು, ಇರಲಿ ಅಂದೋರು ನೀವೇ ಅಲ್ವಾ?"

ತಿರುಮಲಯ್ಯ ಹರಿದ ಚರ್ಮದ ಮೇಲೆ ಮೆಲ್ಲಗೆ ಕೈಯಾಡಿಸಿದರು.

"ಬಿಡು ಅಂದವನಿಗೆ, ಆಮೇಲೆ ಕಟ್ಟು ಅಂತ ಕಾರ್ಡ್ ಕೊಟ್ಟವನಿಗೆ ಏನು ಹೋಯ್ತು, ಮುರಾರಿ? ಹರಿದಿದ್ದು ಯಾರ ಮೃದಂಗ?"