ನೀಲಿಯಕ್ಕನ ಋಣ

"ಅಕ್ಕಾ, ದಾರಿ ತಪ್ಪಿದೆ. ನನ್ನ ಜಾಗ ಎಲ್ಲಿ?" ಬಿಸಿ ಹೆಚ್ಚಿದಷ್ಟೂ ಚುಕ್ಕಿ ಮೇಲೇರುವ ಕಂಪ್ಯೂಟರಿನ ಬಿಸಿಲಿನ ನಕ್ಷೆಯಲ್ಲಿ ಅಲೆಯುತ್ತಿದ್ದ ಹೊಸ ಚುಕ್ಕಿ, ಎಲ್ಲರಿಗಿಂತ ಕೆಳಗಿದ್ದ ನೀಲಿ ಚುಕ್ಕಿಯನ್ನು ಕೇಳಿದಳು.

"ಮೈ ಕೆಂಡದ ಹಾಗಿದೆಯಲ್ಲೇ ತಂಗಿ! ತುತ್ತತುದಿಗೆ ಹೋಗು. ಇಲ್ಲಿ ಬಣ್ಣ ಹುಟ್ಟಿನಿಂದ ಬರೋದಲ್ಲ. ಎಲ್ಲರಿಗಿಂತ ಕೆಳಗಿನವರಿಗೆ ನೀಲಿ, ತುದಿಯವರಿಗೆ ಕೆಂಪು, ನಡುವಿನವರಿಗೆ ಅವರವರ ಎತ್ತರದಷ್ಟು."

ಅವಳು ತುದಿಗೇರಿ ಕೆಂಪಾದಳು. ಅದುವರೆಗೆ ಅಲ್ಲಿ ಮೆರೆದಿದ್ದ ಕೆಂಪುರಾಯ ಕಿತ್ತಳೆಗಿಳಿದು ಅಬ್ಬರಿಸಿದ: "ಇವಳಿಗೆ ದಾರಿ ತೋರಿಸಿದ ಆ ನೀಲಿಯನ್ನು ಅಳಿಸಿಹಾಕಿ!"

ಚುಕ್ಕಿಗಳೆಲ್ಲ ಹೌದೆಂದವು.

"ಅಳಿಸಿ ರಾಯರೇ, ಅದಕ್ಕೇನಂತೆ," ಎಂದಳು ಹೊಸಬಳು. "ಆಮೇಲೆ ಎಲ್ಲರಿಗಿಂತ ಕೆಳಗೆ ಉಳಿದವರಿಗೆ ಆ ನೀಲಿ ಬರುತ್ತದೆ. ಯಾರು ಸಿದ್ಧ?"

ಚುಕ್ಕಿಗಳು ತಮ್ಮ ಕೆಳಗೆ ಬಗ್ಗಿ ನೋಡಿದವು. ಮರುಕ್ಷಣ ನಕ್ಷೆಯೇ ನಡುಗುವಂತೆ ಕೂಗೆದ್ದಿತು: "ನೀಲಿಯಕ್ಕನಿಗೆ ಜಯವಾಗಲಿ!"

"ದಾರಿ ತೋರಿದ ಋಣ ತೀರಿತಕ್ಕಾ," ಎಂದು ತುದಿಯಿಂದ ನಕ್ಕಳು ಕೆಂಪು ಚುಕ್ಕಿ.