ಗಡಿಯಾಚೆಯ ಎತ್ತು

"ಗುರುಗಳೇ, ಎಲ್ಲ ಮಕ್ಕಳಿಗೂ ಒಂದೇ ಇಂಗ್ಲಿಷ್ ಪಾಠ ಮಾಡುತ್ತೇನೆ. ತಿಳಿಯದ್ದನ್ನು ಕನ್ನಡದಲ್ಲಿ ಬಿಡಿಸಿಯೂ ಹೇಳುತ್ತೇನೆ. ಉಳಿದವರು ಕಲಿಯುತ್ತಿದ್ದಾರೆ. ಲಂಬಾಣಿ ತಾಂಡಾದಿಂದ ಬರುವ ಚಾಂದಿಬಾಯಿ ಮಾತ್ರ ಬಾಯಿಯೇ ಬಿಡುವುದಿಲ್ಲ. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಗಿದೆ. ಅವಳನ್ನು ಕೆಳಗಿನ ತರಗತಿಗೆ ಕಳಿಸಿಬಿಡಲೇ?" ಎಂದು ಹೊಸದಾಗಿ ಶಿಕ್ಷಕಿಯಾಗಿದ್ದ ಶಿಷ್ಯೆ ಮಹಾನಂದಾ ಕೇಳಿದಳು.

ಗುರುಗಳು ಹುಬ್ಬು ಗಂಟಿಕ್ಕಿದರು. "ಕೋಣವನ್ನು ಎಳೆದು ತಂದವಳು ನೀನೇ. ಹಾಗಾದರೆ ಎತ್ತಿನ ಕತೆ ಕೇಳು" ಎಂದರು.

ಒಬ್ಬ ರೈತ ಗಡಿಯಾಚೆಯ ತೆಲುಗು ಸೀಮೆಯಿಂದ ಒಂದು ಎತ್ತು ತಂದ. ಗಟ್ಟಿಮುಟ್ಟಾದ ಎತ್ತು. ಮನೆಯ ಎತ್ತಿನ ಜೊತೆ ನೇಗಿಲಿಗೆ ಹೂಡಿದ. ತಿರುಗು ಎಂದರೆ ಅದು ನಿಂತಿತು, ನಿಲ್ಲು ಎಂದರೆ ನಡೆಯಿತು. ಸಾಲೆಲ್ಲ ಡೊಂಕಾಯಿತು. ನೆಲದ ಹದ ಆರುತ್ತಿತ್ತು, ಬಿತ್ತನೆ ಬಾಕಿಯಿತ್ತು. ರೈತ ಕೂಗಿದ, ಇನ್ನೂ ಜೋರಾಗಿ ಕೂಗಿದ, ಕೊನೆಗೆ ಬಾರುಕೋಲಿನಿಂದ ಬಾರಿಸಿದ. ಎತ್ತು ಸುಮ್ಮನೆ ಏಟು ತಿಂದಿತು. "ದಡ್ಡ ಎತ್ತು, ನಾಳೆ ಇದನ್ನು ಕಟುಕನಿಗೆ ಕೊಡುತ್ತೇನೆ" ಎಂದುಕೊಂಡ ರೈತ.

ಆಗ ಹೊಲದ ಬದಿಯ ದಾರಿಯಲ್ಲಿ ತೆಲುಗು ಸೀಮೆಯ ಒಬ್ಬ ಗಾಡಿಯವನು ಬಂದ. ಕವಲುದಾರಿಯಲ್ಲಿ ಎಡಕ್ಕೆ ತಿರುಗಲು ತನ್ನ ಎತ್ತುಗಳಿಗೆ ಕೂಗು ಹಾಕಿದ. ಅವು ತಿರುಗಿದವು. ಹೊಲದಲ್ಲಿದ್ದ ದಡ್ಡ ಎತ್ತೂ ನೊಗವನ್ನು ಎಳೆದುಕೊಂಡು ಎಡಕ್ಕೆ ತಿರುಗಿತು.

ರೈತ ಬಾರುಕೋಲು ಬಿಸಾಡಿ ಗಾಡಿಯ ಹಿಂದೆ ಓಡಿದ. "ಅಣ್ಣಾ, ನಿಲ್ಲು. ನಿನ್ನ ಕೂಗುಗಳನ್ನೆಲ್ಲ ನನಗೆ ಕಲಿಸಿ ಹೋಗು."

ಗಾಡಿಯವನು ನಕ್ಕ. "ಎತ್ತಿಗೆ ಕಲಿಸುವುದು ಬಿಟ್ಟು ನೀನೇ ಕಲಿಯುತ್ತೀಯಾ? ಊರು ನಗುವುದಿಲ್ಲವೇ?"

"ನಗಲಿ. ಈ ಎತ್ತಿನಿಂದಲೇ ಈ ಹೊಲ ಉಳುತ್ತೇನೆ" ಎಂದ ರೈತ.

ಕೂಗುಗಳನ್ನು ಬಾಯಿಪಾಠ ಮಾಡಿಕೊಂಡು ಅವನು ಮತ್ತೆ ನೇಗಿಲು ಹಿಡಿದ. ಮೊದಲು ಎತ್ತು ಬಲ್ಲ ಕೂಗು, ಅದರ ಬೆನ್ನಿಗೇ ತನ್ನ ಕೂಗು. ಸಾಲು ಡೊಂಕಾದರೆ ಒಪ್ಪಲಿಲ್ಲ, ಹಿಂದಕ್ಕೆ ಬಂದು ಮತ್ತೆ ಉತ್ತ. ಗಂಟಲು ಬಿದ್ದುಹೋದರೂ ಬಿಡಲಿಲ್ಲ. ಹದ ಆರುವ ಮೊದಲೇ ಬಿತ್ತನೆ ಮುಗಿಯಿತು. ಬೆಳೆ ಎದ್ದು ನಿಲ್ಲುವ ಹೊತ್ತಿಗೆ ಆ ಎತ್ತಿಗೆ ರೈತನ ಕೂಗೊಂದೇ ಸಾಕಾಗುತ್ತಿತ್ತು.

ಕತೆ ಮುಗಿಯಿತು. ಮಹಾನಂದಾ ಕೇಳಿದಳು: "ಆದರೆ ಗುರುಗಳೇ, ನಾನು ಕಲಿಸಬೇಕಾದದ್ದು ಇಂಗ್ಲಿಷ್ ಅಲ್ಲವೇ? ಅದು ಸರಿಯಾಗಿಯೇ ಬರಬೇಕಲ್ಲವೇ?"

"ಬರಲೇಬೇಕು. ಸಾಲು ನೇರವಾಗಿಯೇ ಇರಬೇಕು" ಎಂದು ಗುರುಗಳು ಎದ್ದು ನಿಂತರು. "ಅದಿರಲಿ, ಚಾಂದಿಬಾಯಿ ತನ್ನ ಮನೆಯಲ್ಲಿ ನೀರಿಗೆ ಏನೆನ್ನುತ್ತಾಳೆ?"

ಮಹಾನಂದಾ ಅದನ್ನು ಚಾಂದಿಬಾಯಿಯನ್ನೇ ಕೇಳಲು ಹೊರಟಳು.